ಬಾಕ್ಸ್ ಚರಂಡಿ ಅಗೆಯೋ ಮುಂಚೆ ನೆಲದಡಿ ಯಾವ ಲೈನ್ ಎಲ್ಲಿದೆ ಅಂತ ಪಕ್ಕಾ ಮಾಡ್ಕೊಳೋದು ಹೇಗೆ? (ಶಿವಮೊಗ್ಗ)

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹಳೇ ಬಡಾವಣೆಯೊಂದರಲ್ಲಿ ಬಾಕ್ಸ್ ಚರಂಡಿ ಕೆಲಸಕ್ಕೆ ಸೈಟ್ ಇಂಜಿನಿಯರ್ ಆಗಿ ಬಂದಿದೀನಿ. ಉದ್ದ ಸುಮಾರು 400 ಮೀಟರ್, ಅಗಲ 1.2 ಮೀಟರ್, ಆಳ 1.5 ಮೀಟರ್. ದೀಪಾವಳಿ ಕಳೆದು ನೆಲ ಸ್ವಲ್ಪ ಆರಿದ ಮೇಲೆ ಶುರು.

ಕೈಯಲ್ಲಿ ಮೂರು ನಕ್ಷೆ ಇವೆ. ಮೂರೂ ಒಂದಕ್ಕೊಂದು ತಾಳೆ ಆಗಲ್ಲ. ಒಂದರಲ್ಲಿ ಕುಡಿಯೋ ನೀರಿನ ಲೈನ್ ರಸ್ತೆಯ ಎಡಕ್ಕಿದೆ, ಇನ್ನೊಂದರಲ್ಲಿ ಬಲಕ್ಕೆ. ಮೂರನೇದರಲ್ಲಿ ನೀರಿನ ಲೈನೇ ಇಲ್ಲ, ಯುಜಿಡಿ (ನೆಲದಡಿಯ ಒಳಚರಂಡಿ) ಮಾತ್ರ. ಕೆಲವು ಮ್ಯಾನ್‌ಹೋಲ್ ಡಾಂಬರಿನಡಿ ಮುಚ್ಚಿಹೋಗಿವೆ. ನಮ್ಮ ಗುತ್ತಿಗೆದಾರರು "ಜೆಸಿಬಿ ಇಳ್ಸಿ, ಏನಾದ್ರೂ ಸಿಕ್ರೆ ಆಮೇಲೆ ನೋಡಣ" ಅಂತಾರೆ. ನನಗೆ ಅದು ಸರಿ ಕಾಣ್ತಿಲ್ಲ. ಬೆಂಗಳೂರಿಂದ ಜಿಪಿಆರ್ (ನೆಲದೊಳಗೆ ನೋಡೋ ರಾಡಾರ್) ಮಷಿನ್ ತರಿಸಿದ್ರೆ ಎಲ್ಲಾ ಗೊತ್ತಾಗುತ್ತಾ? ಅನುಭವ ಇದ್ದವರು ಹೇಳಿ.

ಬಕೆಟ್‌ಹಲ್ಲು

ನಾನು ಜೆಸಿಬಿ ಓಡಿಸೋನು. "ಸಿಕ್ರೆ ನೋಡಣ" ಅನ್ನೋರು ಸಿಕ್ಕಿದ ದಿನ ಸೈಟಲ್ಲಿ ಇರಲ್ಲ ಸಾರ್. ಪೈಪ್ ಒಡೆದು ರಸ್ತೆ ತುಂಬ ನೀರಾದಾಗ ಮನೆಯೋರು ಬಂದು ಬೈಯೋದು ಮಷಿನ್ ಮೇಲೆ ಕೂತೋನಿಗೆ. ನಕ್ಷೆ ನಮಗೆ ಯಾರೂ ತೋರಿಸೋದೂ ಇಲ್ಲ. "ಇಲ್ಲಿಂದ ಅಲ್ಲಿಗೆ ಎಳಿ" ಅಂತ ಸುಣ್ಣದ ಗೆರೆ ಹಾಕಿ ಟೀ ಕುಡಿಯಕ್ಕೆ ಹೋಗ್ತಾರೆ.

ನನಗೆ ಗೊತ್ತಿರೋದು ಮಣ್ಣು. ನಮ್ಮ ಕಡೆ ಜಂಬಿಟ್ಟಿಗೆ ನೆಲ ಯಾರೂ ಮುಟ್ಟದೇ ಇದ್ರೆ ಗಟ್ಟಿಯಾಗಿ ಒಂದೇ ಸಮ ಇರ್ತದೆ, ಬಕೆಟ್ ಹಲ್ಲು ಕೆರೆದು ಸದ್ದು ಮಾಡ್ತದೆ. ಒಂದ್ಸಲ ಅಗೆದು ಮುಚ್ಚಿದ ಜಾಗ ಹಾಗಲ್ಲ, ಮೆತ್ತಗೆ, ಕಲಸಿದ ಬಣ್ಣ, ನಡುವೆ ಇಟ್ಟಿಗೆ ಚೂರು ಎಲ್ಲಾ ಇರ್ತದೆ. ಹೊಳೆ ಮರಳು ಕಾಣ್ತು ಅಂದ್ರೆ ನಾನು ಅಲ್ಲೇ ನಿಲ್ಲಿಸ್ತೀನಿ. ಮರಳಿನ ಹಾಸು, ಅದರ ಮೇಲೆ ಸಾಲಾಗಿ ಇಟ್ಟಿಗೆ ಅಂದ್ರೆ ಕೆಳಗೆ ಕೇಬಲ್ ಅಂತ ಅರ್ಥ. ಎಚ್ಚರಿಕೆ ಟೇಪ್ ಇದ್ರೆ ಪುಣ್ಯ.

ಇನ್ನೊಂದು, ಬಕೆಟ್ ಮುಂದೆ ಗುಂಡಿ ನೋಡ್ತಾ ನಿಲ್ಲೋಕೆ ಒಬ್ಬ ಬೇಕೇ ಬೇಕು. ನನಗೆ ಮೇಲಿಂದ ತಳ ಕಾಣಲ್ಲ. ಆ ಒಬ್ಬನ ಕೂಲಿ ಉಳಿಸೋಕೆ ಹೋಗಬೇಡಿ.

ಹಳೇವಾಲ್ವ್

ನೀರು ಸರಬರಾಜು ಕೆಲಸದಲ್ಲಿ ಇದ್ದು ನಿವೃತ್ತನಾದವನು ನಾನು. ತಮ್ಮಾ, ಮೂರು ನಕ್ಷೆ ತಾಳೆ ಆಗದೇ ಇರೋದು ನೋಡಿ ಗಾಬರಿ ಬೇಡ. ಅವುಗಳಲ್ಲಿ ಎಷ್ಟೋ ಪೈಪ್ ಹಾಕೋ ಮುಂಚೆ ಬರೆದವು. ಹಾಕುವಾಗ ಬಂಡೆ ಸಿಕ್ತು, ಮರ ಅಡ್ಡ ಬಂತು, ಯಾರದೋ ಕಾಂಪೌಂಡ್ ಮುಂದೆ ಬಂದಿತ್ತು ಅಂತ ಲೈನ್ ಜಾಗ ಬದಲಾಗಿರುತ್ತೆ. ಹಾಕಿದ ಮೇಲೆ ತಿದ್ದಿ ಬರೆದ ನಕ್ಷೆ ಇದೆಯಾ ಅಂತ ಬೇರೆಯಾಗಿ ಕೇಳಬೇಕು. ಪಾಲಿಕೆಯಲ್ಲೂ ಕೇಳಿ, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯಲ್ಲೂ ಕೇಳಿ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಎಷ್ಟೋ ರಸ್ತೆಯಡಿ ಹೊಸ ಡಕ್ಟು (ಕೇಬಲ್ ಎಳೆಯೋ ಕೊಳವೆ), ಹೊಸ ಕೇಬಲ್ಲು ಬಂದಿವೆ. ಹಳೇ ಹಾಳೆಯಲ್ಲಿ ಅವು ಇರಲ್ಲ. ಆ ಕಡತ ಬೇರೆ.

ಕಾಗದ ಆದ ಮೇಲೆ ವಾಲ್ವ್‌ಮನ್ ಹತ್ರ ಹೋಗಿ. ನಿಮ್ಮ ಬಡಾವಣೆಗೆ ನೀರು ಬಿಡೋ ಆಸಾಮಿ ಯಾರು ಅಂತ ಯಾವ ಮನೆ ಹೆಂಗಸರನ್ನ ಕೇಳಿದ್ರೂ ಹೇಳ್ತಾರೆ. ಅವನ ಜೊತೆ ಬೆಳಿಗ್ಗೆ ರಸ್ತೆ ಪೂರಾ ನಡೀರಿ. ಯಾವ ವಾಲ್ವ್ ಯಾವ ಸಾಲಿಗೆ, ಯಾವ ಮೂಲೇಲಿ ಲೈನ್ ಅಡ್ಡ ದಾಟುತ್ತೆ, ಎಲ್ಲಿ ಪದೇ ಪದೇ ಒಡೆಯುತ್ತೆ, ಇದೆಲ್ಲ ಅವನಿಗೆ ಬಾಯಿಪಾಠ. ಅವನು ಹೇಳಿದ್ದನ್ನ ನಕ್ಷೆ ಮೇಲೆ ಬೇರೆ ಬಣ್ಣದಲ್ಲಿ ಬರ್ಕೊಳ್ಳಿ, ಯಾಕಂದ್ರೆ ಅದೂ ಒಂದು ಸುದ್ದಿ ಅಷ್ಟೇ, ಇನ್ನೂ ಪರೀಕ್ಷೆ ಆಗಿಲ್ಲ.

ಯುಜಿಡಿಗೆ ಮಷಿನ್ ಬೇಡ. ಒಳಚರಂಡಿ ಪೈಪು ಒಂದು ಮ್ಯಾನ್‌ಹೋಲಿಂದ ಇನ್ನೊಂದಕ್ಕೆ ನೇರ ಹೋಗುತ್ತೆ, ಒಂದೇ ಇಳಿಜಾರಲ್ಲಿ ಹೋಗುತ್ತೆ. ಎರಡೂ ಮುಚ್ಚಳ ತೆಗೆಸಿ, ಸ್ಟಾಫ್ (ಅಳತೆ ಕೋಲು) ಇಳಿಸಿ ಪೈಪಿನ ತಳದ ಆಳ ಅಳೆಯಿರಿ, ಮುಚ್ಚಳದ ಮಟ್ಟ ಲೆವೆಲ್ ಹಾಕಿ ತಗೊಳ್ಳಿ. ಉದಾಹರಣೆಗೆ ಮೇಲಿನ ಮುಚ್ಚಳದ ಮಟ್ಟ 100.00 ಮೀಟರ್ ಅಂತ ನಾವೇ ಇಟ್ಕೊಳ್ಳೋಣ, ಆಳ 1.50, ಅಂದ್ರೆ ತಳ 98.50. 30 ಮೀಟರ್ ಕೆಳಗಿನ ಮುಚ್ಚಳ 99.60, ಆಳ 1.40, ತಳ 98.20. 30 ಮೀಟರಿಗೆ 30 ಸೆಂ.ಮೀ. ಇಳಿತ. ಮೇಲಿಂದ 20 ಮೀಟರ್ ದೂರದಲ್ಲಿ ತಳ 98.30 ಇರಬೇಕು. ಅಲ್ಲಿ ನೆಲ 99.70 ಇದ್ರೆ ಪೈಪಿನ ತಳ 1.40 ಆಳ. 200 ಮಿ.ಮೀ. ಪೈಪಾದ್ರೆ ಅದರ ನೆತ್ತಿ 1.20ರ ಆಸುಪಾಸು. ನಿಮ್ಮ ಚರಂಡಿ 1.5 ಇಳಿಯುತ್ತೆ. ಅಡ್ಡ ಬಂದೇ ಬರುತ್ತೆ ಅಂತ ಮನೇಲಿ ಕೂತೇ ಗೊತ್ತಾಯ್ತಲ್ಲ!

ಮನೆಗಳಿಂದ ಬರೋ ಕನೆಕ್ಷನ್‌ಗೆ ಈ ಲೆಕ್ಕ ನಡೆಯಲ್ಲ. ಅವು ಓರೆಯಾಗಿ, ಎಲ್ಲೆಲ್ಲೋ ಬರ್ತವೆ. ಮತ್ತೆ, ಅಳತೆ ಮೇಲಿಂದಲೇ ಆಗಬೇಕು. ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸಬೇಡಿ. ಒಳಗಿನ ಗಾಳಿ ಕೊಲ್ಲುತ್ತೆ, ರಕ್ಷಣಾ ಸಾಧನ ಇಲ್ಲದೆ ಸ್ವಚ್ಛ ಮಾಡೋಕೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಅಂಟೆನಾ

ಲೈನ್ ಹುಡುಕೋದೇ ನನ್ನ ಕೆಲಸ, ಹಾಗಾಗಿ ಜಿಪಿಆರ್ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಹೊಟ್ಟೆಪಾಡಿಗೆ ಅದನ್ನೇ ತಳ್ಳಿಕೊಂಡು ಓಡಾಡೋನು ಹೇಳ್ತಿದೀನಿ: ಅದೊಂದನ್ನೇ ನಂಬಬೇಡಿ, ಅದರಲ್ಲೂ ಮಲೆನಾಡಲ್ಲಿ.

ಮೊದಲು ಕೇಬಲ್ ಲೊಕೇಟರ್. ಇದು ಲೋಹದ ಲೈನ್ ಹುಡುಕೋಕೆ. ಟ್ರಾನ್ಸ್‌ಮಿಟರಿಂದ ಪೈಪಿಗೋ ಕೇಬಲ್ಲಿಗೋ ಒಂದು ಸಿಗ್ನಲ್ ಹಚ್ಚಿ, ಮೇಲೆ ರಿಸೀವರ್ ಹಿಡಿದು ಅದರ ಜಾಡಲ್ಲಿ ಹೋಗೋದು. ನೇರ ತಂತಿ ಕಚ್ಚಿಸಿ ಹಚ್ಚಿದ್ರೆ ಜಾಡು ಚೆನ್ನಾಗಿ ಸಿಗುತ್ತೆ. ನೆಲದ ಮೇಲೆ ಸುಮ್ನೆ ಇಟ್ಟು ಹಚ್ಚಿದ್ರೆ ಪಕ್ಕದ ಲೈನಿಗೂ ಹಾರುತ್ತೆ, ಆಗ ನೀವು ಹುಡುಕ್ತಿರೋದು ಒಂದು, ಗುರುತು ಹಾಕೋದು ಇನ್ನೊಂದು. ಡಕ್ಟೈಲ್ ಐರನ್ ಪೈಪು ಲೋಹವೇ ಆದ್ರೂ ಜೋಡಣೆಗಳಲ್ಲಿ ರಬ್ಬರ್ ಇರೋದ್ರಿಂದ ಸಿಗ್ನಲ್ ಅಲ್ಲಲ್ಲಿ ಸಾಯುತ್ತೆ. ಪಿವಿಸಿ, ಎಚ್‌ಡಿಪಿಇ ಥರದ ಪ್ಲಾಸ್ಟಿಕ್ ಪೈಪು, ಹಳೇ ಎಸಿ (ಕಲ್ನಾರು ಸಿಮೆಂಟ್) ಪೈಪು ಇದಕ್ಕೆ ಕಾಣೋದೇ ಇಲ್ಲ. ಪ್ಲಾಸ್ಟಿಕ್ ಪೈಪು ಖಾಲಿ ಇದ್ದು ಒಂದು ತುದಿ ತೆರೆದಿದ್ರೆ ಒಳಗೆ ತಂತಿ ತೂರಿಸಿ ಆ ತಂತಿಯನ್ನ ಹುಡುಕಬಹುದು. ಡಕ್ಟುಗಳಿಗೆ ಇದು ಚೆನ್ನಾಗಿ ನಡೆಯುತ್ತೆ.

ಆಳಕ್ಕೆ ಒಂದು ಹಳೇ ಉಪಾಯ: ಲೈನ್ ನೆತ್ತಿ ಮೇಲೆ ಗುರುತು ಹಾಕಿ, ರಿಸೀವರನ್ನ 45 ಡಿಗ್ರಿ ಓರೆ ಹಿಡಿದು ಪಕ್ಕಕ್ಕೆ ಸರೀತಾ ಹೋಗಿ. ಸದ್ದು ಸತ್ತ ಜಾಗಕ್ಕೂ ಗುರುತಿಗೂ ಇರೋ ದೂರವೇ ಸುಮಾರಾಗಿ ಆಳ. ಎರಡೂ ಬದಿಗೆ ಮಾಡಿ. ಎರಡು ಅಳತೆ ಒಂದೇ ಬರದಿದ್ರೆ ಪಕ್ಕದಲ್ಲಿ ಇನ್ನೊಂದು ಲೈನ್ ಇದೆ ಅಂತ ತಿಳ್ಕೊಳ್ಳಿ. ಪರದೆ ತೋರಿಸೋ ಸಂಖ್ಯೆಗಿಂತ ನನಗೆ ಇದರ ಮೇಲೇ ಭರವಸೆ.

ಇನ್ನು ಜಿಪಿಆರ್. ರೇಡಿಯೋ ಅಲೆ ನೆಲಕ್ಕೆ ಬಿಟ್ಟು, ಅದು ತಿರುಗಿ ಬರೋ ಹೊತ್ತು ಅಳೆಯೋ ಯಂತ್ರ. ಪೈಪಿನ ಮೇಲೆ ಅಡ್ಡ ಹಾದ್ರೆ ಪರದೆ ಮೇಲೆ ಇಳಿಬಿಟ್ಟ ಮೀಸೆ ಥರದ ಗೆರೆ ಬರುತ್ತೆ. ಪ್ಲಾಸ್ಟಿಕ್ಕೂ ಕಾಣಬಹುದು, ಅದೇ ಇದರ ದೊಡ್ಡಸ್ತಿಕೆ. ಆದ್ರೆ ಮರದ ಬೇರು, ಜಂಬಿಟ್ಟಿಗೆ ಗುಂಡು ಕೂಡ ಇಂಥದೇ ಮೀಸೆ ಬಿಡಿಸ್ತವೆ. ಒಂದೇ ಸಾಲಲ್ಲಿ ಹೋಗಿ "ಪೈಪ್ ಇದೆ" ಅನ್ನೋ ಹಾಗಿಲ್ಲ. ಒಂದೊಂದು ಮೀಟರಿಗೆ ಅಡ್ಡ ಸಾಲು ಹಾಕಿ, ಎಲ್ಲದರಲ್ಲೂ ಮೀಸೆ ಒಂದೇ ಜಾಡಲ್ಲಿ ಬಂದ್ರೆ ಮಾತ್ರ ಲೈನ್.

ಹಸಿ ಜೇಡಿಯಲ್ಲಿ ಅಲೆ ಸ್ವಲ್ಪ ಇಳಿಯೋದ್ರಲ್ಲೇ ಕರಗಿಹೋಗುತ್ತೆ. ಮಳೆಗಾಲದ ನೆಲದಲ್ಲಿ ಒಂದು ಮೀಟರ್ ಕೆಳಗಿನದು ಕಾಣದಿದ್ರೆ ಆಶ್ಚರ್ಯ ಇಲ್ಲ. ಇದಕ್ಕಿಂತ ಕೆಟ್ಟದ್ದು ಆಳದ ಲೆಕ್ಕ ತಪ್ಪೋದು. ಒಣ ನೆಲಕ್ಕೆ ಅಂತ ವೇಗ ನ್ಯಾನೋಸೆಕೆಂಡಿಗೆ 0.10 ಮೀಟರ್ ಇಟ್ಟಿದ್ದೀರಿ, ಅಲೆ ಹೋಗಿ ಬರೋಕೆ 20 ನ್ಯಾನೋಸೆಕೆಂಡ್ ಆಯ್ತು, ಮಷಿನ್ "1 ಮೀಟರ್ ಆಳ" ಅನ್ನುತ್ತೆ. ನೆಲ ಹಸಿ ಇದ್ದು ನಿಜವಾದ ವೇಗ 0.06 ಆಗಿದ್ರೆ ಪೈಪ್ ಇರೋದು 60 ಸೆಂ.ಮೀ.ಗೆ. 80ರ ತನಕ ಧೈರ್ಯವಾಗಿ ಬಕೆಟ್ ಇಳಿಸಿದವನ ಗತಿ ಏನು? ಅದಕ್ಕೇ ಗೊತ್ತಿರೋ ಒಂದು ಪೈಪಿನ ಮೇಲೆ ಗುಂಡಿ ತೋಡಿ, ನಿಜ ಆಳ ಅಳೆದು, ವೇಗವನ್ನ ಅದಕ್ಕೆ ಹೊಂದಿಸಿದ ಮೇಲೇ ಉಳಿದ ರಸ್ತೆ ಸರ್ವೆ ಮಾಡಬೇಕು. ಇದನ್ನ ಮಾಡದೆ ಬಣ್ಣಬಣ್ಣದ ವರದಿ ಕೊಡೋರು ಇದಾರೆ.

ಅಮೆರಿಕದ ಸಿವಿಲ್ ಇಂಜಿನಿಯರ್‌ಗಳ ಸಂಘದ 38-22 ಮಾನಕದಲ್ಲಿ ಮಾಹಿತಿಗೆ ನಾಲ್ಕು ದರ್ಜೆ ಇದೆ. ಬರೀ ದಾಖಲೆ ಅಥವಾ ಬಾಯಿಮಾತು ಡಿ. ಮೇಲೆ ಕಾಣೋ ಮುಚ್ಚಳ, ವಾಲ್ವ್ ಅಳೆದು ತಾಳೆ ಹಾಕಿದ್ದು ಸಿ. ಯಂತ್ರದಿಂದ ಹುಡುಕಿದ್ದು ಬಿ. ಗುಂಡಿ ತೋಡಿ ಕಣ್ಣಾರೆ ನೋಡಿ ಅಳೆದದ್ದು ಎ. ನನ್ನ ವರದಿಯಲ್ಲಿ ಪ್ರತಿ ಗೆರೆ ಪಕ್ಕ ಈ ಅಕ್ಷರ ಬರೀತೀನಿ. ಕೆಲವು ಗಿರಾಕಿಗಳು "ಎಲ್ಲಾ ಎ ಅಂತ ಹಾಕ್ಬಿಡಿ ಸಾರ್, ಬಿಲ್ ಪಾಸ್ ಆಗುತ್ತೆ" ಅಂದಿದ್ದಾರೆ!

ಅಡಿಕೆಸಿಪ್ಪೆ

ಇಷ್ಟೆಲ್ಲ ಮಷಿನ್ ಯಾಕೆ ಮಾರಾಯ್ರೆ, ಬೋರ್‌ವೆಲ್ ಪಾಯಿಂಟ್ ನೋಡೋರನ್ನ ಕರೆಸಿ, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಡೆದ್ರೆ ಪೈಪ್ ಇದ್ದಲ್ಲಿ ಎದ್ದು ನಿಲ್ತದೆ. ನಮ್ಮ ಊರಲ್ಲಿ ಮಾಡಿದಾರೆ.

ಅಂಟೆನಾ

ಎದ್ದು ನಿಂತ ಕಾಯಿ ಪೈಪಿನ ಆಳ, ದಪ್ಪ ಹೇಳುತ್ತಾ? ಹಳೇ ಪೇಟೆ ರಸ್ತೆಯಡಿ ಎಲ್ಲಿ ಅಗೆದ್ರೂ ಏನಾದ್ರೊಂದು ಇದ್ದೇ ಇರುತ್ತೆ, ಹಾಗಾಗಿ ಯಾರು ಎಲ್ಲಿ ತೋರಿಸಿದ್ರೂ ಸರಿ ಅನ್ನಿಸುತ್ತೆ. ಬೇಕಾದ್ರೆ ಕಾಯಿ ಹಿಡಿದವರ ಕಣ್ಣು ಕಟ್ಟಿ ಅದೇ ರಸ್ತೇಲಿ ಎರಡು ಸಲ ನಡೆಸಿ, ಎರಡೂ ಸಲ ಒಂದೇ ಕಡೆ ನಿಲ್ಲುತ್ತಾ ನೋಡಿ.

ಅಡಿಕೆಸಿಪ್ಪೆ

ಆಯ್ತು ಬಿಡಿ, ಕಾಯಿ ಚಟ್ನಿಗಾದ್ರೂ ಆಗ್ತದೆ.

ಮೂರುಫೇಸ್

ಕರೆಂಟಿನ ಕಡೆಯಿಂದ ನಾಲ್ಕು ಮಾತು.

ಕೇಬಲ್ ಹಾಕೋದರ ಭಾರತೀಯ ಮಾನಕ ಐಎಸ್ 1255 ಪ್ರಕಾರ ಕೇಬಲ್ ನೆತ್ತಿ ನೆಲದಿಂದ ಕನಿಷ್ಠ ಇಷ್ಟು ಕೆಳಗೆ ಇರಬೇಕು: ಎಲ್‌ಟಿ (ಕಡಿಮೆ ವೋಲ್ಟೇಜ್) 0.75 ಮೀಟರ್, 11 ಕೆವಿ 0.9, 33 ಕೆವಿ 1.05. ಇದು ಹಾಕಿದ ದಿನದ ಆಳ. ಆಮೇಲೆ ರಸ್ತೆ ಎತ್ತರಿಸಿದ್ರೆ ಕೇಬಲ್ ಇನ್ನೂ ಕೆಳಗೆ ಹೋಗಿರ್ತದೆ, ಫುಟ್‌ಪಾತ್ ತಗ್ಗಿಸಿದ್ರೆ ಕೈಗೆ ಸಿಗೋ ಹಾಗಿರ್ತದೆ. ಮಾನಕದ ಸಂಖ್ಯೆ ನೋಡಿ "ಅರ್ಧ ಮೀಟರ್ ತನಕ ಭಯ ಇಲ್ಲ" ಅಂದ್ಕೋಬೇಡಿ.

ಅಂಟೆನಾ ಅವರು ಹೇಳದ ಒಂದು ವಿಷಯ. ಲೊಕೇಟರನ್ನ ಪವರ್ ಮೋಡಲ್ಲಿಟ್ಟು, ಟ್ರಾನ್ಸ್‌ಮಿಟರ್ ಇಲ್ಲದೆ ಬರೀ ರಿಸೀವರ್ ಹಿಡಿದು ನಡೆಯೋ ಪದ್ಧತಿ ಇದೆ. ಅದು ಕೇಳೋದು ಕೇಬಲಲ್ಲಿ ಹರಿಯೋ 50 ಹರ್ಟ್ಸ್ ಕರೆಂಟನ್ನ. ಬೀದಿದೀಪದ ಕೇಬಲಲ್ಲಿ ಹಗಲು ಕರೆಂಟೇ ಹರಿಯಲ್ಲ! ಬೆಳಿಗ್ಗೆ ಸರ್ವೆ ಮಾಡಿ "ಇಲ್ಲಿ ಏನೂ ಇಲ್ಲ" ಅಂತ ಬರೆದು ಹೋದ್ರೆ, ಸಂಜೆ ಆರೂವರೆಗೆ ಅದೇ ಕೇಬಲ್ ಜೀವಂತ. ದೀಪದ ಕಂಬ ಇರೋ ಬದಿಗೆ ದೀಪ ಹತ್ತಿದ ಮೇಲೆ ಇನ್ನೊಂದು ಸಲ ನಡೀರಿ. ಮೂರು ಫೇಸೂ ಸಮ ಲೋಡಲ್ಲಿರೋ ಕೇಬಲ್ ಕೂಡ ಈ ಮೋಡಲ್ಲಿ ಸರಿಯಾಗಿ ಸಿಗಲ್ಲ.

ಮೆಸ್ಕಾಂ ಸೆಕ್ಷನ್ ಆಫೀಸಿಗೆ ಮೊದಲೇ ಪತ್ರ ಕೊಟ್ಟು, ಕೇಬಲ್ ಜಾಡು ಗೊತ್ತಿರೋ ಲೈನ್‌ಮನ್ ಒಬ್ಬರನ್ನ ಸೈಟಿಗೆ ಕರೆಸಿ. ಅಕಸ್ಮಾತ್ ಬಕೆಟ್ ಕೇಬಲ್ಲಿಗೆ ತಾಗಿತು ಅಂದ್ರೆ ಆಪರೇಟರ್ ಕ್ಯಾಬಿನ್ ಬಿಟ್ಟು ಇಳೀಬಾರದು. ಉಳಿದವರು ಮಷಿನ್ ಮುಟ್ಟದೆ ಕನಿಷ್ಠ 10 ಮೀಟರ್ ದೂರ ಹೋಗಬೇಕು. 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಆಗಿದೆ ಅಂತ ಖಚಿತ ಆದ ಮೇಲೇ ಇಳಿಯೋದು. ಬೆಂಕಿ ಹತ್ತಿ ಇಳಿಯಲೇಬೇಕಾದ್ರೆ ಮಷಿನ್ನೂ ನೆಲವೂ ಒಟ್ಟಿಗೆ ಮೈಗೆ ತಾಗದ ಹಾಗೆ, ಎರಡೂ ಕಾಲು ಜೋಡಿಸಿ ಹಾರಿ, ಪಾದ ಎತ್ತದೆ ಎಳ್ಕೊಂಡು ದೂರ ಹೋಗಬೇಕು.

ಬಕೆಟ್‌ಹಲ್ಲು

ಈ ಕೊನೇ ಪ್ಯಾರಾ ಪ್ರಿಂಟ್ ಹಾಕಿಸಿ ಕ್ಯಾಬಿನ್ನಲ್ಲಿ ಅಂಟಿಸ್ತೀನಿ ಅಣ್ಣ. ನಮಗೆ ಯಾರೂ ಹೇಳ್ಕೊಟ್ಟಿಲ್ಲ, ಎಲ್ಲರೂ ಮೊದಲು ಮಾಡೋದೇ ಕೆಳಗೆ ಹಾರೋದು.

ಕಾಡಂಚು

ನಮ್ಮದು ಹೊಸನಗರ ಕಡೆ. ಪೇಟೆಯಲ್ಲಿ ಕೇಳೋಕೆ ಒಂದು ಆಫೀಸಾದ್ರೂ ಇದೆ. ಹಳ್ಳೀಲಿ ಅರ್ಧ ಲೈನು ಯಾರ ನಕ್ಷೇಲೂ ಇಲ್ಲ. ಗುಡ್ಡದ ಅಬ್ಬಿಯಿಂದ ಮನೆಗೆ ನೀರು ತರೋ ಪೈಪು, ಹೊಳೆ ಬದಿ ಪಂಪಿಂದ ತೋಟಕ್ಕೆ ಹೋಗೋ ಪೈಪು, ಅದರ ಜೊತೆಗೇ ಹೋಗೋ ಮೋಟಾರ್ ಕೇಬಲ್, ಇವೆಲ್ಲ ಅಜ್ಜ ಹಾಕಿಸಿದ್ದು, ಅಪ್ಪ ಬದಲಾಯಿಸಿದ್ದು. ಇಂಥಲ್ಲಿ ಯಾರ ಮನೆಗೆ ಎಲ್ಲಿಂದ ನೀರು ಬರ್ತದೆ ಅಂತ ಮನೆಮನೆ ಕೇಳಿ, ನೀರಿನ ದಾರಿ ಹಿಡಿದು ನಡೆಯೋದೇ ಸರ್ವೆ. ಜಲಜೀವನ್ ಪೈಪು ರಸ್ತೆ ಬದಿಗೇ ಹೋಗಿದೆ, ಅದನ್ನ ಪಂಚಾಯ್ತಿ ನೀರುಗಂಟಿ ತೋರಿಸ್ತಾನೆ.

ಆಪ್ಟಿಕಲ್ ಫೈಬರ್ ಬಗ್ಗೆ ಒಂದು ಎಚ್ಚರಿಕೆ. ಬಿಎಸ್ಸೆನ್ನೆಲ್ ಲೆಕ್ಕದಲ್ಲಿ ಅದು 1.65 ಮೀಟರ್ ಆಳದಲ್ಲಿ ಇರಬೇಕು. ಕಲ್ಲು ಸಿಕ್ಕಿದ ಕಡೆ ಮೇಲೇ ಹಾಕಿ ಕಾಂಕ್ರೀಟ್ ಮುಚ್ಚಿರ್ತಾರೆ. ನಮ್ಮ ಕಡೆ ಎಲ್ಲಿ ಕಲ್ಲು ಇಲ್ಲ ಹೇಳಿ! ನಮ್ಮ ರಸ್ತೆ ಅಗಲ ಮಾಡುವಾಗ ಫೈಬರ್ ಕತ್ತರಿಸಿ ಎರಡು ಊರಿಗೆ ನೆಟ್ ಇಲ್ಲದೆ, ಮನೆಯಿಂದ ಕೆಲಸ ಮಾಡೋ ಹುಡುಗರೆಲ್ಲ ಲ್ಯಾಪ್‌ಟಾಪ್ ಹಿಡ್ಕೊಂಡು ಸಿಗ್ನಲ್ ಸಿಗೋ ಗುಡ್ಡ ಹತ್ತಿದ್ರು.

ಅಂಟೆನಾ

ಫೈಬರ್ ಮಾತು ಬಂದಿದ್ದಕ್ಕೆ ಹೇಳ್ತೀನಿ. ದೂರಸಂಪರ್ಕ ಇಲಾಖೆಯ "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ಇದೆ, 22 ಮಾರ್ಚ್ 2023ರಂದು ಬಿಡುಗಡೆ ಆಗಿದ್ದು. ಎಲ್ಲಿ ಅಗೀತೀವಿ ಅಂತ ಅದರಲ್ಲಿ ಹಾಕಿದ್ರೆ ಆ ಜಾಗದಲ್ಲಿ ಆಸ್ತಿ ಇರೋ ಸಂಸ್ಥೆಗಳಿಗೆ ಸುದ್ದಿ ಹೋಗುತ್ತೆ. ಟೆಲಿಗ್ರಾಫ್ ಮೂಲಸೌಕರ್ಯ ಸುರಕ್ಷತೆಯ 2022ರ ನಿಯಮಗಳು ಅಗೆಯೋರು ಮುಂಚೆ ತಿಳಿಸಬೇಕು ಅಂತಲೇ ಹೇಳಿದ್ವು. ಆದ್ರೆ ಆ್ಯಪಲ್ಲಿ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಕೆಳಗೆ ಏನೂ ಇಲ್ಲ ಅಂತಲ್ಲ. ಅಜ್ಜ ಹಾಕಿಸಿದ ಅಬ್ಬಿ ಪೈಪ್ ಅದರಲ್ಲಿ ಯಾವ ಜನ್ಮಕ್ಕೂ ಬರಲ್ಲ.

ಕೆಂಪುಮಣ್ಣು

ಎಲ್ಲರಿಗೂ ಧನ್ಯವಾದ. ಗುತ್ತಿಗೆದಾರರ ಜೊತೆ ಮಾತಾಡಿದೆ. ಜಿಪಿಆರ್ ಬೇಡ, ಲೊಕೇಟರ್ ಬಾಡಿಗೆಗೆ ತರೋಣ ಅಂತಾಯ್ತು. ಲೈನನ್ನ ಕಣ್ಣಾರೆ ನೋಡೋಕೆ ತೋಡೋ ಪರೀಕ್ಷಾ ಗುಂಡಿಗೆ ಮಾತ್ರ ಒಪ್ತಿಲ್ಲ. "ಬಿಒಕ್ಯೂನಲ್ಲಿ (ಟೆಂಡರಿನ ಕೆಲಸ-ದರ ಪಟ್ಟಿ) ಐಟಂ ಇಲ್ಲ, ದುಡ್ಡು ಯಾರು ಕೊಡ್ತಾರೆ" ಅಂತಾರೆ.

ಹಳೇವಾಲ್ವ್

ಅವರು ಕೇಳೋದ್ರಲ್ಲಿ ನ್ಯಾಯ ಇದೆ. ಟೆಂಡರ್ ಮಾಡೋರು ಗುಂಡಿಗೆ ಒಂದು ಐಟಂ ಇಟ್ಟಿರಬೇಕಿತ್ತು, ಇಷ್ಟು ಸಂಖ್ಯೆ, ಒಂದಕ್ಕೆ ಇಷ್ಟು ದರ ಅಂತ. ಎಷ್ಟೋ ಟೆಂಡರಲ್ಲಿ ಅದು ಇರಲ್ಲ, ಆಮೇಲೆ ಪೈಪ್ ಒಡೆದ್ರೆ ಮಾತ್ರ ಗುತ್ತಿಗೆದಾರರ ತಲೆಗೆ. ಹೇಗೂ ಅಗೆಯೋ ಜಾಗದಲ್ಲೇ ಗುಂಡಿ ಹೊಡೀರಿ, ಆ ಮಣ್ಣು ಅಗೆತದ ಲೆಕ್ಕದಲ್ಲೇ ಬರುತ್ತೆ, ಕೈಕೆಲಸದ ಹೆಚ್ಚುವರಿಗೆ ಮಾತ್ರ ಪತ್ರ ಬರೆದು ಒಪ್ಪಿಗೆ ತಗೊಳ್ಳಿ. ಲೈನ್ ಅಡ್ಡ ದಾಟುತ್ತೆ ಅಂತ ಅನುಮಾನ ಇರೋ ಕಡೆ, ತಿರುವಲ್ಲಿ, ಮತ್ತೆ ನಕ್ಷೆಗಳು ಜಗಳ ಆಡೋ ಕಡೆ ಸಾಕು.

ಗುಂಡಿಯನ್ನ ಪೈಪಿಗೆ ಅಡ್ಡಲಾಗಿ ತೋಡಬೇಕು. ಪೈಪ್ ಉದ್ದಕ್ಕೆ ತೋಡಿದ್ರೆ ಒಂದು ಗೇಣು ಪಕ್ಕದಲ್ಲಿದ್ರೂ ಸಿಗಲ್ಲ. ಹಾರೆಯನ್ನ ನೇರ ಕುಕ್ಕಬೇಡಿ. ಕೊನೇ ಒಂದಡಿ ಸಲಿಕೆಯಲ್ಲಿ ಪಕ್ಕದಿಂದ ಕೆರೆದು ತೆಗೀರಿ. ಸಿಕ್ಕಿದ ಮೇಲೆ ಯಾವ ಪೈಪು, ಎಷ್ಟು ದಪ್ಪ, ನೆತ್ತಿಯ ಆಳ, ಜರುಗದ ಎರಡು ಗುರುತಿಂದ ದೂರ ಬರ್ಕೊಳ್ಳಿ. ಮನೆ ಮೂಲೆ ಗುರುತಾಗುತ್ತೆ, ಕಾಂಪೌಂಡ್ ಗೇಟ್ ಆಗಲ್ಲ. ಟೇಪ್ ಕಾಣೋ ಹಾಗೆ ಫೋಟೋ ತೆಗೀರಿ. ಮತ್ತೆ ಆ ಅಳತೆಯನ್ನ ಪಾಲಿಕೆಗೂ ಕೊಡಿ, ನಾಲ್ಕನೇ ನಕ್ಷೆಯಾದ್ರೂ ನೆಟ್ಟಗಿರಲಿ.

ಕೆಂಪುಮಣ್ಣು

ಅಪ್‌ಡೇಟ್. ಗುಂಡಿ ಆಯ್ತು. ನೀರಿನ ಲೈನ್ ಎಡಕ್ಕೂ ಇದೆ, ಬಲಕ್ಕೂ ಇದೆ! ಎಡದ್ದು ಪಿವಿಸಿ, ನೆತ್ತಿ 0.85 ಮೀಟರ್. ಬಲದ್ದು ಹಳೇ ಎಸಿ ಪೈಪು, 1.1 ಮೀಟರ್. ಅಂದ್ರೆ ಎರಡು ನಕ್ಷೆಯೂ ತಮ್ಮ ತಮ್ಮ ಕಾಲಕ್ಕೆ ಸರಿ. ಯುಜಿಡಿ ಲೆಕ್ಕ ನೀವು ಹೇಳಿದ ಹಾಗೇ ಮಾಡಿದೆ, ಗುಂಡಿಯಲ್ಲಿ ನಾಲ್ಕು ಸೆಂ.ಮೀ. ವ್ಯತ್ಯಾಸದಲ್ಲಿ ಸಿಕ್ತು. ಬೀದಿದೀಪದ ಕೇಬಲ್ ಸಂಜೆ ಸಿಕ್ತು, ಹಗಲು ಸಿಕ್ಕಿರಲಿಲ್ಲ. ಚರಂಡಿಯನ್ನ 60 ಸೆಂ.ಮೀ. ರಸ್ತೆ ಕಡೆ ಸರಿಸಿದ್ರೆ ಪಿವಿಸಿಯೂ ಕೇಬಲ್ಲೂ ತಪ್ಪುತ್ತೆ, ಡ್ರಾಯಿಂಗ್ ತಿದ್ದಿ ಒಪ್ಪಿಗೆಗೆ ಕಳಿಸಿದೀನಿ. ಉಳಿದದ್ದು ಎಸಿ ಪೈಪು. ಒಂದು ಕಡೆ ಚರಂಡಿಗೆ ಅಡ್ಡ ಬರುತ್ತೆ. ಹೊಸ ಪಿವಿಸಿ ಬಂದ ಮೇಲೆ ಅದು ಸತ್ತಿದೆ, ಒಡೆದು ಹಾಕಿ ಅಂತ ಅಕ್ಕಪಕ್ಕದೋರು ಹೇಳ್ತಾರೆ. ತಟ್ಟಿ ನೋಡಿದೆ, ಖಾಲಿ ಸದ್ದು.

ಹಳೇವಾಲ್ವ್

ಎಷ್ಟು ಗಂಟೆಗೆ ತಟ್ಟಿದ್ರಿ? ನೀರು ಬಿಡೋ ಹೊತ್ತಲ್ಲದಿದ್ರೆ ಜೀವ ಇರೋ ಪೈಪಿಗೂ ಖಾಲಿ ಸದ್ದು ಬರಬಹುದು. ನೀರು ಬಿಡೋ ದಿನ, ಬಿಡೋ ಹೊತ್ತಿಗೆ, ಕಬ್ಬಿಣದ ಸರಳು ಪೈಪಿಗೆ ಊರಿ ಇನ್ನೊಂದು ತುದಿ ಕಿವಿಗಿಟ್ಟು ಕೇಳಿ. ಹರೀತಿದ್ರೆ ಸೊಂಯ್ ಅಂತ ಕೇಳುತ್ತೆ. ಕೇಳದಿದ್ರೂ ಸುಮ್ಮನಾಗಬೇಡಿ, ವಾಲ್ವ್‌ಮನ್‌ಗೆ ಹೇಳಿ ಆ ಕಡೆ ವಾಲ್ವ್ ಒಂದೊಂದೇ ತೆರೆದು ಮುಚ್ಚಿಸಿ. ಹಿಂದಿನ ಸಾಲಿನ ನಾಲ್ಕು ಮನೆಗೆ ಇನ್ನೂ ಅದರಿಂದಲೇ ನೀರು ಹೋಗ್ತಿರಬಹುದು. ಸತ್ತಿದೆ ಅಂತ ಮಾತಲ್ಲಿ ಸಾಲದು, ಇಲಾಖೆಯಿಂದ ಬರಹದಲ್ಲಿ ತಗೊಳ್ಳಿ.

ಎಸಿ ಅಂದ್ರೆ ಕಲ್ನಾರು. ಗ್ರೈಂಡರ್ ಹಾಕಿ ಒಣ ಕತ್ತರಿಸಬೇಡಿ, ಬಕೆಟಲ್ಲಿ ಪುಡಿ ಮಾಡಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ. ಚೆನ್ನಾಗಿ ನೀರು ಹಾಕಿ ನೆನೆಸಿ, ಜೋಡಣೆ ಇರೋ ಕಡೆ ಬಿಡಿಸಿ ಇಡೀ ಉದ್ದ ಎತ್ತಿ, ದಪ್ಪ ಪ್ಲಾಸ್ಟಿಕ್ಕಲ್ಲಿ ಸುತ್ತಿಡಿ.

ಕೆಂಪುಮಣ್ಣು

ಮಧ್ಯಾಹ್ನ ಮೂರಕ್ಕೆ ತಟ್ಟಿದ್ದು. ಆ ರಸ್ತೆಗೆ ನೀರು ಬರೋದು ಬೆಳಗಿನ ಜಾವ. ನಾಳೆ ವಾಲ್ವ್‌ಮನ್ ಐದಕ್ಕೆ ಬರ್ತೀನಿ ಅಂದಿದಾರೆ, ಸರಳು ರೆಡಿ ಇದೆ.

ಬಕೆಟ್‌ಹಲ್ಲು

ಹಾಗಾದ್ರೆ ನಾಳೆ ಬೆಳಿಗ್ಗೆ ಮಷಿನ್ ತರಬೇಡಿ ಅಂತ ನಿಮ್ಮ ಜೆಸಿಬಿಯವನಿಗೆ ರಾತ್ರಿಯೇ ಫೋನ್ ಮಾಡಿ ಸಾರ್. ಗಂಟೆ ಲೆಕ್ಕದಲ್ಲಿ ಬರೋರು ಸುಮ್ನೆ ನಿಂತ್ರೂ ಬಾಡಿಗೆ ಕೇಳ್ತೀವಿ.